ಯುದ್ಧದ ಕಥೆಗೆ ಸಾಕ್ಷಿ ಯಾರು?
(ಲಿಂಗಸುಗೂರಿನಲ್ಲಿ ಮಾಡಿದ ಭಾಷಣ)



ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡಿನಲ್ಲಿ ಮಳೆಗೆ ಬರವುಂಟು, ಯುದ್ಧದ ಕಥೆಗಳಿಗೆ ಬರವಿಲ್ಲ. 1520ರಲ್ಲಿ ರಾಯಚೂರು ಕೋಟೆಯ ಸಲುವಾಗಿ ವಿಜಯನಗರದ ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ಕಾಳಗ ನಡೆಯಿತು, ರಾಯನು ಗೆದ್ದನು. ಇಷ್ಟನ್ನು ಚಹಾದ ಅಂಗಡಿಯಲ್ಲಿ ಯಾರಾದರೂ ಹೇಳುತ್ತಾರೆ. ಹೇಳುತ್ತ ಹೇಳುತ್ತ ಎರಡು ಪಂಗಡವಾಗುತ್ತಾರೆ. ಹಗಲೆಲ್ಲ ಒಂದೇ ಚೀಲಕ್ಕೆ ಕೈಕೊಟ್ಟ ಇಬ್ಬರು ಹಮಾಲರು ಐನೂರು ವರ್ಷದ ಹಿಂದಿನ ಸೋಲು ಗೆಲುವನ್ನು ಹಂಚಿಕೊಂಡು ಸಂಜೆ ಮುಖ ತಿರುವಿ ಹೋಗುತ್ತಾರೆ. ಆದ್ದರಿಂದ ಇಂದು ನಾವು ಕಾಳಗದ ವರ್ಣನೆಗೆ ಕೈಹಾಕುವುದಿಲ್ಲ. ಆ ಕಥೆ ನಮ್ಮವರೆಗೆ ಯಾರ ಕೈಯಿಂದ ಬಂದಿತೆಂಬುದನ್ನು ನೋಡೋಣ.

ಅಂಗಡಿಕಾರರಿಗೆ ಇದು ಹೊಸ ವಿದ್ಯೆಯಲ್ಲ. ಬಾಕಿಯ ತಕರಾರು ಬಂದರೆ ನೀವು ಬಾಯಿಮಾತು ಕೇಳುವುದಿಲ್ಲ. ಕೀರ್ದಿ ತೆಗೆಯುತ್ತೀರಿ, ಬರೆದ ಕೈ ಯಾರದು, ಅಂದೇ ಬರೆದದ್ದೋ ಆಮೇಲೆ ತುರುಕಿದ್ದೋ ನೋಡುತ್ತೀರಿ. ರಾಯಚೂರಿನ ಕಾಳಗಕ್ಕೆ ಅಂಥ ಎರಡು ದೊಡ್ಡ ಕೀರ್ದಿಗಳಿವೆ.

ಒಂದು, ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದದ್ದು. ಅವನು ಕಾಳಗವಾಗಿ ಸುಮಾರು ಹದಿನೈದು ವರ್ಷಕ್ಕೆ ವಿಜಯನಗರದಲ್ಲಿದ್ದನು. ಪ್ಯಾರಿಸಿನಲ್ಲಿದ್ದ ಅದರ ಹಸ್ತಪ್ರತಿ 1897ರಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸಿವೆಲ್ ಎಂಬವರು ಅದನ್ನು ಇಂಗ್ಲಿಷಿಗೆ ತಂದರು. ಇನ್ನೊಂದು, ವಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ ಪಾರಸಿಯಲ್ಲಿ ಬರೆದದ್ದು. ಅದು 1600 ದಾಟಿದ ಮೇಲಿನ ಮಾತು.

ಎರಡನ್ನೂ ಎದುರುಬದುರು ಇಟ್ಟರೆ ಮೊದಲ ಸಾಲಿನಲ್ಲಿಯೇ ಜಗಳ. ರಾಯಚೂರು ಆದಿಲಶಾಹನ ಕೈಯಲ್ಲಿತ್ತು, ರಾಯನು ಹೋಗಿ ಮುತ್ತಿದನು ಎಂದು ನೂನಿಜ್. ರಾಯಚೂರು ಮುದಗಲ್ಲುಗಳು ರಾಯನ ವಶವಾಗಿದ್ದವು, ಆದಿಲಶಾಹನು ಬಿಡಿಸಿಕೊಳ್ಳಲು ಹೊರಟನು ಎಂದು ಫೆರಿಷ್ತಾ. ಗೋವೆಯಲ್ಲಿ ಕುದುರೆ ಕೊಳ್ಳಲು ರಾಯನು ಕೊಟ್ಟ ಹಣದೊಂದಿಗೆ ಒಬ್ಬ ವ್ಯಾಪಾರಿ ಆದಿಲಶಾಹನ ಕಡೆಗೆ ಓಡಿಹೋದದ್ದೇ ಕಲಹದ ಮೂಲವೆಂದು ನೂನಿಜ್ ಹೇಳುತ್ತಾನೆ. ಕುದುರೆ ಮಾರುವವನ ಕಣ್ಣಿಗೆ ಕುದುರೆಯೇ ಕಾರಣವಾಗಿ ಕಂಡದ್ದು ಆಶ್ಚರ್ಯವಲ್ಲ. ಫೆರಿಷ್ತಾ ಸೋಲಿನ ಹೊಣೆಯನ್ನು ಮದ್ಯದ ಮೇಲೆ ಹಾಕುತ್ತಾನೆ, ಸುಲ್ತಾನನು ಅಮಲಿನಲ್ಲಿ ಹೊಳೆ ದಾಟಲು ಹೊರಟನಂತೆ. ಅರಮನೆಯ ಅನ್ನ ತಿನ್ನುವವನಿಗೆ ಸೈನ್ಯ ಸೋತಿತೆನ್ನುವುದಕ್ಕಿಂತ ಹೆಂಡ ಗೆದ್ದಿತೆನ್ನುವುದು ಸುಲಭ.

ತಾರೀಖನ್ನೂ ಕಣ್ಣುಮುಚ್ಚಿ ನಂಬಕೂಡದು. ನೂನಿಜ್ ಹೇಳುವ ವರ್ಷ 1522. ಆದರೆ ಅವನೇ ಹೇಳಿದ ಶನಿವಾರವೂ ಹೊಸ ಚಂದ್ರನೂ ಆ ವರ್ಷಕ್ಕೆ ಕೂಡಿಬರುವುದಿಲ್ಲ. ಸಿವೆಲ್ ಲೆಕ್ಕಹಾಕಿ 1520ರ ಮೇ 19 ಎಂದು ಗೊತ್ತುಮಾಡಿದರು. ರಾಯನ ಕಾಲಾಳು 7,03,000 ಎಂಬ ನೂನಿಜನ ಎಣಿಕೆಯೂ ನಮ್ಮ ಗಂಟಲಲ್ಲಿ ಇಳಿಯದು. ಆದರೆ ಅದೇ ಕೀರ್ದಿಯಲ್ಲಿ ಇನ್ನೊಂದು ಮಾತಿದೆ: ದಂಡು ಒಂದು ಹೊಳೆಗೆ ಬಂದಾಗ ನೀರು ಮೊಣಕಾಲಿನ ಅರ್ಧಕ್ಕಿತ್ತು, ಅರ್ಧ ಜನ ದಾಟುವುದರೊಳಗೆ ಬತ್ತಿಹೋಯಿತು, ಹಿಂದಿನವರು ಮರಳಿನಲ್ಲಿ ಒರತೆ ತೋಡಿದರು. ನಮ್ಮ ಬೇಸಗೆ ಹಳ್ಳವನ್ನು ಬಲ್ಲವರು ಇದನ್ನು ಸುಳ್ಳೆನ್ನಲಾರರು. ಒಬ್ಬನೇ ಸಾಕ್ಷಿ ಅಂಕಿಯಲ್ಲಿ ಉಬ್ಬಿಸಬಹುದು, ಒರತೆಯಲ್ಲಿ ನಿಜ ಹೇಳಬಹುದು.

ಅವನ ಬರಹದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೂಲಿಯ ಲೆಕ್ಕ. ಕೋಟೆಗೋಡೆಯ ಕಲ್ಲು ಕಿತ್ತು ಕೆಳಗುರುಳಿಸಿದವನಿಗೆ ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಮೂವತ್ತು, ಐವತ್ತು ಹಣದವರೆಗೂ ಸರದಾರರು ಕೊಡುತ್ತಿದ್ದರಂತೆ. ಮೇಲಿನಿಂದ ಕಲ್ಲು, ಬಾಣ, ಗುಂಡು ಸುರಿಯುತ್ತಿರುವಾಗ ಕೆಳಗೆ ತುಂಡುಗುತ್ತಿಗೆಯ ಕೆಲಸ! ಆ ಐವತ್ತು ಹಣ ಎಣಿಸಿಕೊಳ್ಳಲು ಎಷ್ಟು ಜನ ಉಳಿದರೋ? ಸರದಾರರ ಹೆಸರುಗಳು ಪುಟದ ತುಂಬ ಇವೆ. ಕಲ್ಲು ಕಿತ್ತವನ ಹೆಸರು ಎರಡು ಕೀರ್ದಿಯಲ್ಲಿಯೂ ಇಲ್ಲ.

ಇದು ಎರಡು ಮತಗಳ ಯುದ್ಧವೆನ್ನುವವರು ಇದನ್ನೂ ಓದಬೇಕು. ರಾಯನ ದಂಡಿನಲ್ಲಿ ಮುಸಲ್ಮಾನ ಸೈನಿಕರಿದ್ದರು. ಕೋಟೆಯ ಮೇಲಿನವರಿಗೆ ಗುರಿಯಿಟ್ಟು ರಾಯನಿಗೆ ನೆರವಾದವನು ಪೋರ್ಚುಗೀಸ್ ಫಿಗೆರೇದೊ. ಆದಿಲಶಾಹನ ಸೇನಾನಿ ಸಲಾಬತ್ ಖಾನನ ಜೊತೆಗೂ 500 ಪೋರ್ಚುಗೀಸರಿದ್ದರೆಂದು ಅದೇ ನೂನಿಜ್ ಬರೆದಿದ್ದಾನೆ.

ನಮ್ಮ ತಾಲೂಕಿನ ಮುದಗಲ್ಲಿನ ಕಥೆಯನ್ನೂ ಹೀಗೆಯೇ ಒರೆಗೆ ಹಚ್ಚಬೇಕು. 1406ರ ಯುದ್ಧವು ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿನಿಂದ ಹುಟ್ಟಿತೆಂದು ಕೇಳಿದ್ದೇವೆ. ಹೇಳಿದವನು ಅದೇ ಫೆರಿಷ್ತಾ, ಬರೆದದ್ದು 200 ವರ್ಷದ ಮೇಲೆ. ಹುಡುಗಿ ಇದ್ದಿರಬಹುದು. ಆದರೆ ಅವಳು ಹುಟ್ಟುವ ಮೊದಲೂ, ಸತ್ತ ಮೇಲೂ ಬಹಮನಿಯವರೂ ರಾಯರೂ ಈ ಎಡೆದೊರೆಗಾಗಿ ಬಡಿದಾಡಿದ್ದಾರೆ. ಈ ನೆಲದ ಕಂದಾಯವೂ ಕೋಟೆಗಳೂ ಬೇಕಾಗಿದ್ದವು. ಹೆಣ್ಣಿನ ತಲೆಗೆ ಕಟ್ಟಿದರೆ ಕಂದಾಯದ ಮಾತು ಮರೆಯಾಗುತ್ತದೆ.

ಇಂಗ್ಲಿಷ್ ಬಾರದವರು ಹಿಂಜರಿಯಬೇಕಾದ್ದಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತು ಅಡಿ ಮೀರಿದ ಒಂದೇ ಕಲ್ಲು ಇದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ ಕೋಣಗಳು ಎಳೆಯುತ್ತಿರುವ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಗಿರಣಿಗೆ ರಜೆಯಿದ್ದ ದಿನ ಹೋಗಿ ನೋಡಿರಿ. ಬರುವ ಭಾನುವಾರ ನೂನಿಜನ ರಾಯಚೂರಿನ ಅಧ್ಯಾಯಗಳನ್ನು ಇಲ್ಲಿಯೇ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತೇವೆ. ಫೆರಿಷ್ತಾನ ಪಾರಸಿಯನ್ನು ಮೂಲದಲ್ಲಿ ಓದಬಲ್ಲ ಹಿರಿಯರು ಪೇಟೆಯಲ್ಲಿದ್ದರೆ ದಯಮಾಡಿ ಕರೆತನ್ನಿರಿ.