ಸುವಾರ್ತೆ, ಮಗ್ಗ ಮತ್ತು ಮಂಗಳೂರು ಹೆಂಚು



ಕ್ರೈಸ್ತರ ಪ್ರಾರ್ಥನಾ ಕೂಟಗಳಿಗೆ ಹೋದವರು 'ಸಾಕ್ಷಿ ಹೇಳುವುದು' ಎಂಬ ಮಾತನ್ನು ಕೇಳಿರುತ್ತಾರೆ. ಕೋರ್ಟು ಕಚೇರಿಗೂ ಈ ಮಾತಿಗೂ ಸಂಬಂಧವಿಲ್ಲ. ತನ್ನ ಬಾಳಿನಲ್ಲಿ ದೇವರು ಏನು ಮಾಡಿದ ಎಂಬುದನ್ನು ನಾಲ್ಕು ಜನರ ಮುಂದೆ ಎದ್ದು ನಿಂತು ಹೇಳುವುದೇ ಸಾಕ್ಷಿ. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಸಾಕ್ಷಿಗೆ ಇರುವ ಪದವೇ ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟವರಿಗೂ ಹೆಸರಾಯಿತು. ಹೇಳುವುದು ಒಂದು, ಹೇಳಿದ್ದಕ್ಕೆ ಬೆಲೆ ತೆರುವುದು ಇನ್ನೊಂದು. ಆ ಒಂದೇ ಪದದಲ್ಲಿ ಎರಡೂ ಸೇರಿಕೊಂಡಿವೆ.

ಕನ್ನಡ ನಾಡಿನಲ್ಲಿ ಈ ಬೆಲೆಯನ್ನು ತೆತ್ತವರು ಯಾರು? ಸುವಾರ್ತೆಯನ್ನು ಸಾರಿದವರೋ, ಕೇಳಿ ಒಪ್ಪಿಕೊಂಡವರೋ? ಇದಕ್ಕೆ ಉತ್ತರ ಹುಡುಕಲು ಬಾಸೆಲ್ ಮಿಷನ್ನಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಈ ಸಂಸ್ಥೆ ಹುಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಹೆಬಿಕ್ ಉದ್ದ ಗಡ್ಡದ, ದೊಡ್ಡ ಗಂಟಲಿನ ಮನುಷ್ಯ. ಜಾತ್ರೆಗಳಿಗೆ ಹೋಗಿ ನಿಂತು ಉಪದೇಶ ಮಾಡುವುದು ಅವನ ಪದ್ಧತಿ. ಮಲಬಾರಿನ ತಳಿಪರಂಬದಂತಹ ದೊಡ್ಡ ಉತ್ಸವಗಳಲ್ಲಿ ಅವನ ಮೇಲೆ ಕಲ್ಲುಮಣ್ಣು ಬಿದ್ದದ್ದೂ ಉಂಟು. ಅದನ್ನು ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಧೈರ್ಯವಂತನೇನೋ ಹೌದು. ಆದರೆ ಇನ್ನೊಬ್ಬರ ದೇವರ ಉತ್ಸವದ ನಡುವೆ ನಿಂತು ಆ ದೇವರನ್ನೇ ಅಲ್ಲಗಳೆದರೆ ಕೇಳುವವನ ಕಿವಿ ತೆರೆಯುತ್ತದೆಯೇ, ಮುಚ್ಚುತ್ತದೆಯೇ ಎಂಬ ಪ್ರಶ್ನೆ ಅವನಿಗೆ ಹೊಳೆದಂತಿಲ್ಲ.

ಬೆಲೆ ಎಷ್ಟೆಂಬುದು ಸ್ಪಷ್ಟವಾಗಿ ತಿಳಿದದ್ದು 1844ರ ಜನವರಿಯಲ್ಲಿ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಊರಿನಲ್ಲಿ ಕೋಲಾಹಲವೆದ್ದಿತು. ಕೌಂಡಿನ್ಯರ ಪತ್ನಿ ಗಂಡನ ಹೊಸ ದಾರಿಯಲ್ಲಿ ಜೊತೆಯಾಗಲಿಲ್ಲ. ಮನೆ, ಬಂಧುಬಳಗ, ಊಟದ ಪಂಕ್ತಿ ಎಲ್ಲವೂ ಒಂದೇ ದಿನದಲ್ಲಿ ಕಳಚಿಹೋದವು. ಮತಾಂತರಗೊಂಡವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಉಳಿಯುತ್ತದೆ ಎಂದು ಹೇಳಿದ ಕಾಯ್ದೆ ಬಂದದ್ದು 1850ರಲ್ಲಿ. ಇಲ್ಲಿ ತಾಯಿತಂದೆಯರ ಕಡೆಯಿಂದಲೂ ನೋಡಬೇಕು. ಮಗ ಬದುಕಿರುವಾಗಲೇ ಅವನು ಇಲ್ಲವಾದ ದುಃಖ ಅವರದು. ಮಿಷನ್ನಿನ ಬರಹಗಳಲ್ಲಿ ಈ ಘಟನೆ ವಿಜಯದ ಸುದ್ದಿಯಾಗಿಯೇ ಕಾಣುತ್ತದೆ. ಆ ಮನೆಗಳೊಳಗಿನ ಅಳು ಅವುಗಳಲ್ಲಿ ಕೇಳಿಸುವುದು ಕಡಿಮೆ.

ಈ ತರುಣರ ಬೆನ್ನಿಗೆ ನಿಂತವರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರೂ ಇವರೇ. ಮೋಗ್ಲಿಂಗ್ 1846ರಲ್ಲಿ ಯುರೋಪಿಗೆ ಹೊರಟಾಗ ಕೌಂಡಿನ್ಯರನ್ನೂ ಕರೆದೊಯ್ದರು. ಬಾಸೆಲ್‌ನಲ್ಲಿ ಓದಿ, ಬೋಧಕ ದೀಕ್ಷೆ ಪಡೆದು, ಕೌಂಡಿನ್ಯರು 1851ರಲ್ಲಿ ಮಂಗಳೂರಿಗೆ ಮರಳಿದರು. ಕೇಳಿ ಒಪ್ಪಿದವನು ಹೀಗೆ ತಾನೇ ಸಾರುವವನಾದ. ಕೊಡಗಿನಲ್ಲಿ ಜಮ್ಮದ ಗದ್ದೆಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಹೊಲೆಯರಿಗಾಗಿ ಎದ್ದ ಆನಂದಪುರ ಎಂಬ ನೆಲೆಯಲ್ಲಿ ಅವರ ಹೆಸರೂ ಉಳಿದಿದೆ, ಶ್ರಮವೂ ಉಳಿದಿದೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರೊಬ್ಬರು 19ನೆಯ ಶತಮಾನದ ನಡುವಿನಲ್ಲಿ ಹೊಲೆಯರೊಂದಿಗೆ ಒಂದೇ ಸಭೆಯಲ್ಲಿ ಕೂತದ್ದು ಯಾವ ಉಪದೇಶಕ್ಕೂ ಕಡಿಮೆಯಾದ ಮಾತಲ್ಲ.

ಆದರೆ ಕೌಂಡಿನ್ಯರಂಥವರು ಬೆರಳೆಣಿಕೆಯ ಜನ. ಕರಾವಳಿಯಲ್ಲಿ ಮಿಷನ್ನಿಗೆ ಹೆಚ್ಚಾಗಿ ಸೇರಿದವರು ಬಿಲ್ಲವರು ಮತ್ತು ಅವರಿಗಿಂತಲೂ ಬಡವರು. ಅವರ ಕಷ್ಟ ಬೇರೆಯೇ. ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಸಭೆಗೆ ಬಂದವನು ಜಾತಿಯನ್ನು ಹೊರಗೇ ಬಿಟ್ಟು ಬರಬೇಕು. ಭೂತಾರಾಧನೆ ನಿಲ್ಲಬೇಕು. ಕಳ್ಳು ಇಳಿಸುವ ಮೂರ್ತೆಯ ಕಸುಬೂ ಕ್ರೈಸ್ತನಿಗೆ ಸಲ್ಲದು. ಒಕ್ಕಲು ಮಾಡುತ್ತಿದ್ದ ಭೂಮಿ ಬೇರೆಯವರದು. ಧಣಿ ಮುನಿದರೆ ಅದೂ ಹೋಯಿತು. ಭಾನುವಾರ ದೇವಾಲಯದಲ್ಲಿ ಹಾಡಿದವನು ಸೋಮವಾರ ಏನು ಮಾಡಿ ಉಣ್ಣಬೇಕು?

ಮಿಷನ್ನಿನ ಚರಿತ್ರೆ ನಿಜಕ್ಕೂ ತಿರುವು ಪಡೆದದ್ದು ಈ ಪ್ರಶ್ನೆಯಿಂದ. ಮೊದಮೊದಲು ಜಮೀನು, ಸಣ್ಣಪುಟ್ಟ ಕಸುಬು ಎಂದೆಲ್ಲ ಪ್ರಯತ್ನ ನಡೆಯಿತು, ಹೆಚ್ಚಿನವು ಕೈಕೊಟ್ಟವು. ಆಮೇಲೆ ಮಗ್ಗ ಹಿಡಿಯಿತು. ಕಸುಬು ಬಲ್ಲ ಹಾಲರ್ 1851ರಲ್ಲಿ ಬಂದ ಮೇಲೆ ಮಂಗಳೂರಿನ ನೇಯ್ಗೆ ಬೆಳೆಯಿತು. ಖಾಕಿ ಬಣ್ಣ ಇಲ್ಲಿಯೇ ಹುಟ್ಟಿತು ಎಂಬ ಹೆಮ್ಮೆಯ ಮಾತು ಕರಾವಳಿಯಲ್ಲಿ ಈಗಲೂ ಕೇಳಿಬರುತ್ತದೆ. ಪೇಶಾವರದ ಗಡಿ ಪಡೆ 1840ರ ದಶಕದಲ್ಲೇ ಆ ಬಣ್ಣವನ್ನು ತೊಟ್ಟಿತ್ತು; ಆದರೂ ಮಂಗಳೂರಿನ ಖಾಕಿಗೆ ಬೇಡಿಕೆ ಇದ್ದದ್ದು ಸುಳ್ಳಲ್ಲ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನದಿ ದಡದ ಜೇಡಿಮಣ್ಣು, ದೋಣಿಯಲ್ಲಿ ಸಾಗಿಬರುವ ಸೌದೆ, ಎದುರಿಗೇ ಬಂದರು. ಮುಳಿಹುಲ್ಲಿನ ಮಾಡುಗಳು ಕೆಂಪು ಹೆಂಚಿಗೆ ದಾರಿ ಬಿಟ್ಟವು. ಹಳೆಯ ಮನೆಯ ಹೆಂಚೊಂದನ್ನು ಮಗುಚಿ ನೋಡಿದರೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಇಂದಿಗೂ ಕಾಣಸಿಗುತ್ತವೆ. ಆ ಹೆಂಚು ಮಾಡಿನ ಕೆಳಗಿದ್ದವರ ಜಾತಿಮತ ಕೇಳಲಿಲ್ಲ.

ಇದರಲ್ಲಿ ತೊಡಕಿಲ್ಲದಿರಲಿಲ್ಲ. 'ಹೊಟ್ಟೆಗಾಗಿ ಕ್ರೈಸ್ತರಾದರು' ಎಂಬ ಆಡಿಕೆ ಹುಟ್ಟಿತು. ಕೆಲಸ ಕೊಡುವ ಧಣಿಯೂ ಆತ್ಮವನ್ನು ಕಾಯುವ ಪಾದ್ರಿಯೂ ಒಂದೇ ಸಂಸ್ಥೆಯವರಾದರೆ ಕೂಲಿಯವನು ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ? ಸಭೆಯ ಶಿಸ್ತು ತಪ್ಪಿದರೆ ಅನ್ನಕ್ಕೂ ಕುತ್ತು ಬರಬಹುದೆಂಬ ಅಂಜಿಕೆ ಸಹಜ. ವ್ಯಾಪಾರ, ಕಾರ್ಖಾನೆಗಳು ಸುವಾರ್ತೆಯ ಕೆಲಸಕ್ಕೆ ಸಲ್ಲುತ್ತವೆಯೇ ಎಂದು ಮಿಷನ್ನಿನ ಒಳಗೂ ವಾದ ನಡೆಯಿತು. ಟೀಕೆಯಲ್ಲಿ ಹುರುಳಿದೆ. ಆದರೆ ಒಬ್ಬನ ಕಸುಬನ್ನು ಬಿಡಿಸಿ, ಅವನನ್ನು ಬೀದಿಯಲ್ಲಿ ನಿಲ್ಲಿಸಿ, ಬರೀ ಬೈಬಲ್ ಕೈಗಿತ್ತು ಹೋಗುವುದು ಇದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು.

ಇನ್ನೊಂದು ದಾರಿ ಹಿಡಿದವರು ಫರ್ಡಿನಂಡ್ ಕಿಟೆಲ್. 1853ರಲ್ಲಿ ಬಂದ ಈ ಜರ್ಮನ್ ತರುಣ ಸುವಾರ್ತೆಗಿಂತ ಮೊದಲು ಜನರ ಭಾಷೆ ಕಲಿಯಬೇಕೆಂದು ಹೊರಟರು. ಹೆಚ್ಚಿನ ಮಿಷನರಿಗಳು ಬಂಗಲೆಯಲ್ಲಿದ್ದು ಬಡವರಿಗೆ ಬೋಧಿಸುವ ರೀತಿ ಅವರಿಗೆ ಹಿಡಿಸಲಿಲ್ಲ. ಅವರ ರೀತಿ ಇತರರಿಗೆ ಹಿಡಿಸಲಿಲ್ಲ. 1862ರಲ್ಲಿ ಅವರು ಕ್ರಿಸ್ತನ ಕಥೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಕಾವ್ಯದ ಛಂದಸ್ಸಿನಲ್ಲೇ ಬರೆದರು. ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ತುರುಕುವುದು ಸುಲಭವಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು. ದಶಕಗಳ ದುಡಿಮೆಯ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸಭೆಗೆ ಎಷ್ಟು ಜನರನ್ನು ಸೇರಿಸಿದರು ಎಂಬ ಲೆಕ್ಕದಲ್ಲಿ ಕಿಟೆಲ್ ಸೋತವರು. ಆದರೆ ಹೆಬಿಕ್‌ನ ಹೆಸರು ಕೇಳದ ಮನೆಗಳಲ್ಲಿಯೂ ಕಿಟೆಲ್ ನಿಘಂಟು ಗೊತ್ತು.

ಗಾಂಧೀಜಿ ಮಿಷನರಿಗಳಿಗೆ ಬಾರಿಬಾರಿಗೂ ಹೇಳಿದ್ದು, ಸೇವೆ ಮಾಡಿ, ಮತಾಂತರದ ಉದ್ದೇಶ ಬಿಡಿ ಎಂದು. ಧರ್ಮ ಪ್ರಚಾರದ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಆದರೆ ಕ್ರೈಸ್ತ ನಂಬಿಕೆಯುಳ್ಳವನಿಗೆ ತನಗೆ ಸಿಕ್ಕಿದ ಒಳ್ಳೆಯ ಸುದ್ದಿಯನ್ನು ಬಚ್ಚಿಟ್ಟುಕೊಳ್ಳುವುದು ನಂಬಿಕೆಯನ್ನೇ ಬಿಟ್ಟಂತೆ. ಈ ಜಗ್ಗಾಟ ಸುಲಭವಾಗಿ ಬಗೆಹರಿಯುವಂಥದ್ದಲ್ಲ. ಹೇಳುವವನು ಕೇಳುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವನ್ನೂ ಕೊಟ್ಟಿದ್ದಾನೆಯೇ ಎಂಬುದೊಂದೇ ಇಲ್ಲಿ ಒರೆಗಲ್ಲು.

ಬೇಡವೆನ್ನುವ ಅವಕಾಶ ಮಂಗಳೂರಿನ ಸಭೆಗಳಿಗೆ ಬಂದದ್ದು 1914ರ ಮಹಾಯುದ್ಧದೊಂದಿಗೆ. ಜರ್ಮನರೆಲ್ಲ ಬ್ರಿಟಿಷರಿಗೆ ಶತ್ರುಗಳಾದರು. ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಮಗ್ಗ, ಹೆಂಚಿನ ಕಾರ್ಖಾನೆಗಳು ಸರ್ಕಾರದ ವಶವಾಗಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅನ್ನ ಕೊಟ್ಟ ಪಾದ್ರಿ ಇಲ್ಲ, ಗದರಿಸುವ ಪಾದ್ರಿಯೂ ಇಲ್ಲ. ಹೊಟ್ಟೆಗಾಗಿ ಬಂದವರಷ್ಟೇ ಇದ್ದಿದ್ದರೆ ದೇವಾಲಯಗಳು ಬರಿದಾಗಬೇಕಿತ್ತು. ಹಾಗಾಗಲಿಲ್ಲ. ಊರಿನವರೇ ಆದ ಉಪದೇಶಿಗಳೂ ಸಭಾಪಾಲಕರೂ ಆರಾಧನೆ ನಡೆಸಿದರು. ಕನ್ನಡ, ತುಳು ಕೀರ್ತನೆಗಳ ದನಿ ಭಾನುವಾರಗಳಂದು ಎಂದಿನಂತೆ ಕೇಳಿಬಂತು.