ಪ್ರಶ್ನೆ ಯಾರದು? ಸಂಶೋಧನಾ ವಿದ್ಯಾರ್ಥಿ ಸ್ವತಂತ್ರವಾಗಿ ನಿಲ್ಲುವ ಬಗೆ



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯ ಮೇಷ್ಟ್ರ ತರಗತಿಯಲ್ಲಿ ಕೂರುವ ಭಾಗ್ಯ ನನಗಿರಲಿಲ್ಲ; ಅವರ ಶಿಷ್ಯರಿಂದ ಕಲಿತೆ. ವೈವಾ ಮುಗಿದ ಮೇಲೆ ಅಭ್ಯರ್ಥಿಯನ್ನು ಪಕ್ಕಕ್ಕೆ ಕರೆದು, ‘ಮುಂದೆ ಏನು ನೋಡ್ಬೇಕು ಅಂತಿದ್ದೀಯಪ್ಪ?’ ಎಂದು ಕೇಳುವುದು ಅವರ ರೂಢಿಯಾಗಿತ್ತಂತೆ. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವ. ಇವತ್ತಿನ ಮಾತೂ ಆ ಪ್ರಶ್ನೆಯ ಜಾಡಿನಲ್ಲೇ ಸಾಗುತ್ತದೆ.

ಪಿಎಚ್‌.ಡಿ.ಯ ಮೆಟ್ಟಿಲುಗಳು ನಿಮಗೆ ಗೊತ್ತಿರುವಂಥವೇ: ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್, ಸಿನಾಪ್ಸಿಸ್, ಪ್ರಗತಿ ವರದಿ, ಮಹಾಪ್ರಬಂಧ, ವೈವಾ. ಯುಜಿಸಿಯ 2022ರ ನಿಯಮಾವಳಿಯಲ್ಲಿ ಎಲ್ಲವೂ ಇದೆ. ಪರೀಕ್ಷೆಯಲ್ಲಿ ಮುಂದಿದ್ದವರು ಸಂಶೋಧನೆಯಲ್ಲೂ ಮುಂದಿರುತ್ತಾರೆಂಬ ಖಾತರಿಯಿಲ್ಲ ಎನ್ನುವುದನ್ನು ಅಮೆರಿಕದ ಬಾರ್ಬರಾ ಲೊವಿಟ್ಸ್ 2005ರಲ್ಲೇ ಚೆನ್ನಾಗಿ ವಿವರಿಸಿದ್ದಾರೆ. ಇವುಗಳ ಬಗ್ಗೆ ಈಗ ತಕರಾರಿಲ್ಲ. ತಕರಾರು ಇನ್ನೂ ಮುಗಿಯದಿರುವುದು ಒಂದೇ ಕಡೆ. ಸಂಶೋಧನೆಯ ಪ್ರಶ್ನೆಯನ್ನು ಯಾರು ಎತ್ತಬೇಕು, ಗೈಡೋ ವಿದ್ಯಾರ್ಥಿಯೋ?

ಒಂದು ಪಕ್ಷದ ವಾದ ಹೀಗೆ. ಎಂ.ಎಸ್ಸಿ. ಮುಗಿಸಿ ಬಂದವರಿಗೆ ಕ್ಷೇತ್ರದ ಆಳ ತಿಳಿದಿರುವುದಿಲ್ಲ. ಅನುದಾನ ಗೈಡ್‌ ತಂದದ್ದು, ಉಪಕರಣ ಗೈಡ್‌ ಕೂಡಿಸಿದ್ದು. ಆದ್ದರಿಂದ ಪ್ರಶ್ನೆಯೂ ಅವರದೇ ಆಗಬೇಕು, ಸ್ವಾತಂತ್ರ್ಯ ಡಿಗ್ರಿ ಸಿಕ್ಕ ಮೇಲೆ ಬರುತ್ತದೆ. ಇನ್ನೊಂದು ಪಕ್ಷ ಇದಕ್ಕೆ ತದ್ವಿರುದ್ಧ: ಮೊದಲ ದಿನದಿಂದಲೇ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡಿ, ಗಟ್ಟಿ ಇದ್ದವರು ದಡ ಸೇರುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಕಾರಣಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಸಿ.ವಿ. ರಾಮನ್ ಅವರ ಸುತ್ತ ಬೆಳೆದ ಇಬ್ಬರನ್ನು ನೋಡಿದರೆ ಸಾಕು.

ಎಸ್. ಪಂಚರತ್ನಂ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಶುರುಮಾಡಿದ್ದು ಹರಳುಗಳ ದ್ಯುತಿವಿಜ್ಞಾನದಲ್ಲಿ. ಹರಳುಗಳು ರಾಮನ್ ಅವರ ಜೀವಮಾನದ ಮೋಹ. ಅಂದರೆ ಕ್ಷೇತ್ರ ಗುರುವಿನದೇ. ಬೆಳಕನ್ನು ಭಾಗಶಃ ಹೀರಿಕೊಳ್ಳುವ ಹರಳುಗಳಲ್ಲಿ ಕಾಣುವ ವ್ಯತಿಕರಣ ಚಿತ್ರಗಳನ್ನು ಅರ್ಥಮಾಡಿಕೊಳ್ಳುವಾಗ ಅವರಿಗೆ ಬೇರೆಯೇ ತೊಡಕು ಎದುರಾಯಿತು: ಧ್ರುವೀಕರಣ ಬೇರೆಬೇರೆಯಾಗಿರುವ ಎರಡು ಕಿರಣಗಳು ಒಂದೇ ಹಂತದಲ್ಲಿ (ಫೇಸ್) ಇವೆ ಎಂದು ಹೇಳುವುದಾದರೂ ಹೇಗೆ? ಇದನ್ನು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. 1956ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ, ಅವರೊಬ್ಬರ ಹೆಸರಿನಲ್ಲೇ ಉತ್ತರ ಅಚ್ಚಾಯಿತು. 1984ರಲ್ಲಿ ಮೈಕೆಲ್ ಬೆರಿ ಕ್ವಾಂಟಮ್ ಭೌತವಿಜ್ಞಾನದಲ್ಲಿ ಜ್ಯಾಮಿತೀಯ ಹಂತವನ್ನು ಮಂಡಿಸಿದಾಗ, ಅದರ ಪೂರ್ವರೂಪ ಪಂಚರತ್ನಂ ಲೇಖನದಲ್ಲಿದೆ ಎಂದು ಎರಡು ವರ್ಷದ ಬಳಿಕ ತೋರಿಸಿಕೊಟ್ಟವರು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ. ಮುಂದೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಪಾಠ ಹೇಳಿದ ಪಂಚರತ್ನಂ 1969ರಲ್ಲಿ, ಮೂವತ್ತೈದರ ಹರೆಯದಲ್ಲಿ ತೀರಿಕೊಂಡರು.

ಮೊದಲ ಪಕ್ಷದವರಿಗೆ ನನ್ನ ಉತ್ತರ ಇದರಲ್ಲೇ ಇದೆ. ಗುರು ಕ್ಷೇತ್ರವನ್ನು ಕೊಡಲಿ, ಕೊಡಲೇಬೇಕು. ಆದರೆ ಆ ಕ್ಷೇತ್ರದಲ್ಲಿ ವಿದ್ಯಾರ್ಥಿ ಎಡವಿದ ಕಡೆ ಹುಟ್ಟುವ ಪ್ರಶ್ನೆ ವಿದ್ಯಾರ್ಥಿಯದು. ಅದನ್ನು ಬೆನ್ನಟ್ಟಲು ಬಿಡದೆ, ನೋಂದಣಿಯ ಹೊತ್ತಿಗೆ ಸಿನಾಪ್ಸಿಸ್‌ನಲ್ಲಿ ಬರೆದ ಶೀರ್ಷಿಕೆಗೇ ಐದು ವರ್ಷ ಕಟ್ಟಿಹಾಕಿದರೆ ಆ ವಿದ್ಯಾರ್ಥಿ ನುರಿತ ಸಹಾಯಕರಾಗಿಯೇ ಉಳಿಯುತ್ತಾರೆ. ಡಿಗ್ರಿ ಸಿಕ್ಕ ಮರುದಿನ ಸ್ವಾತಂತ್ರ್ಯ ತಾನಾಗಿ ಬರುತ್ತದೆಂದು ನಂಬಲು ನನಗೆ ಯಾವ ಆಧಾರವೂ ಕಂಡಿಲ್ಲ. ವೈವಾಗಳಲ್ಲಿ ‘ನೀವು ಕೈಬಿಟ್ಟ ಪ್ರಶ್ನೆ ಯಾವುದು, ಯಾಕೆ ಕೈಬಿಟ್ಟಿರಿ?’ ಎಂದು ಕೇಳುತ್ತೇನೆ. ಬಹಳ ಮಂದಿ ಗೈಡ್‌ ಮುಖ ನೋಡುತ್ತಾರೆ. ನನಗೆ ಸಂಕಟವಾಗುವುದು ಆಗಲೇ.

ಎರಡನೆಯ ಪಕ್ಷದವರು ಅನ್ನಾ ಮಣಿ ಅವರ ಹೆಸರೆತ್ತುತ್ತಾರೆ. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮಣಿ ರಾಮನ್ ಪ್ರಯೋಗಾಲಯದಲ್ಲಿ ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು ದಾಖಲಿಸಿದರು. ಒಂದೊಂದು ಫೋಟೊ ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಿತ್ತು; ಎಷ್ಟೋ ರಾತ್ರಿ ಅವರು ಲ್ಯಾಬಿನಲ್ಲೇ ಉಳಿದರು. 1942ರಿಂದ 1945ರೊಳಗೆ ಐದು ಲೇಖನಗಳು, ಐದರಲ್ಲೂ ಅವರದೊಂದೇ ಹೆಸರು. ಇಷ್ಟಾದರೂ ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾನಿಲಯ ಪಿಎಚ್‌.ಡಿ. ಕೊಡಲಿಲ್ಲ. ವಿದೇಶಕ್ಕೆ ಹೋಗಲು ಸಿಕ್ಕ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳಿಗೆ ಮೀಸಲಾದದ್ದು; ಅವರು ಅದನ್ನೇ ಕಲಿತು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿದರು. ‘ನೋಡಿ, ಒಂಟಿಯಾಗಿ ದುಡಿದೇ ಬೆಳೆದರು’ ಎನ್ನುವುದು ಇವರ ವಾದ.

ಈ ಒಂಟಿತನ ಎಲ್ಲಿಂದ ಬಂತೆಂದು ಅವರು ಹೇಳುವುದಿಲ್ಲ. ಆ ಲ್ಯಾಬಿನಲ್ಲಿ ಹೆಣ್ಣುಮಕ್ಕಳು ಗಂಡಸರೊಡನೆ ಬೆರೆಯದಂತೆ ಕಟ್ಟುಪಾಡಿತ್ತು. ಸಹಪಾಠಿಗಳ ವೈಜ್ಞಾನಿಕ ಚರ್ಚೆಯಿಂದ ಮಣಿ ಹೊರಗುಳಿಯಬೇಕಾಯಿತೆಂದು ಆಭಾ ಸೂರ್ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಅದು ಅವರಿಗೆ ಆದ ಅನ್ಯಾಯ. ಅದನ್ನು ತರಬೇತಿಯ ಮಾದರಿ ಎಂದು ಕರೆಯುವುದು ಆ ಅನ್ಯಾಯವನ್ನು ಮುಂದುವರಿಸಿದಂತೆ. ಅವರು ಅದನ್ನು ದಾಟಿದ್ದು ಅವರ ಹಿರಿಮೆ. ಅದಕ್ಕೆ ಸಲ್ಲುವ ಮೆಚ್ಚುಗೆಯನ್ನು ಕಟ್ಟುಪಾಡಿಗೆ ಕೊಡಲಾಗದು.

ವಿದ್ಯಾರ್ಥಿಯನ್ನು ಬೆಳೆಸುವುದು ಒಂಟಿತನವಲ್ಲ, ಸಂಗಡಿಗರ ಚರ್ಚೆ ಎನ್ನುವುದಕ್ಕೆ ಈಚಿನ ಪುರಾವೆಯೂ ಇದೆ. ಡೇವಿಡ್ ಫೆಲ್ಡನ್ ಮತ್ತು ಸಂಗಡಿಗರು ಅಮೆರಿಕದ ಜೀವವಿಜ್ಞಾನದ 336 ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ನಾಲ್ಕು ವರ್ಷ ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೋಸ್ಟ್‌ಡಾಕ್‌ಗಳು ಮತ್ತು ಸೀನಿಯರ್ ವಿದ್ಯಾರ್ಥಿಗಳು ಚರ್ಚೆಯಲ್ಲಿ ತೊಡಗುವ ಲ್ಯಾಬುಗಳಲ್ಲಿ ಕೌಶಲ ಬೆಳೆಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು. ಗೈಡ್‌ ಎಷ್ಟು ತೊಡಗಿಕೊಂಡಿದ್ದಾರೆ ಎಂಬುದರಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಒಂದು ಶಾಸ್ತ್ರದ ಅಂಕಿಯನ್ನು ಇಲ್ಲಿಗೆ ಹಾಗೇ ಹೊಂದಿಸಬಾರದು ಎನ್ನುವ ಆಕ್ಷೇಪ ಸರಿಯೇ. ಆದರೆ ನಮ್ಮ ರಾಜ್ಯ ವಿಶ್ವವಿದ್ಯಾನಿಲಯಗಳ ಲ್ಯಾಬುಗಳಲ್ಲಿ ಪೋಸ್ಟ್‌ಡಾಕ್‌ಗಳೇ ವಿರಳ. ಎಷ್ಟೋ ಕಡೆ ಹೊಸಬರು ಮಾತಾಡಬಹುದಾದ ಏಕೈಕ ವ್ಯಕ್ತಿ ಗೈಡ್‌, ಅವರ ಕೈಯಲ್ಲೇ ಸಹಿಯೂ ಇರುತ್ತದೆ. ಸಹಿ ಹಾಕುವವರ ಮುಂದೆ ‘ಸಾರ್, ಈ ಪ್ರಶ್ನೆಯೇ ತಪ್ಪು ಅನ್ನಿಸುತ್ತೆ’ ಎನ್ನಲು ಯಾರಿಗೆ ಧೈರ್ಯ ಬಂದೀತು?

ಹಾಗಾಗಿ ಈ ವಿಭಾಗಕ್ಕೆ ನನ್ನ ವಿನಂತಿ ಎರಡು. ಎರಡನೆಯ ವರ್ಷದ ಕೊನೆಯಲ್ಲಿ ವಿದ್ಯಾರ್ಥಿ ಕಾರಣ ಕೊಟ್ಟು ಸಿನಾಪ್ಸಿಸ್ ಬದಲಿಸುವುದು ಸಹಜ ಕ್ರಮವಾಗಲಿ; ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು. ಇನ್ನೊಂದು, ಭೌತ, ರಸಾಯನ, ಜೀವವಿಜ್ಞಾನಗಳ ಸಂಶೋಧನಾ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಒಟ್ಟಿಗೆ ಸೇರಲಿ. ಅಲ್ಲಿ ಕೊನೆಯ ವರ್ಷದವರು ಮೊದಲ ವರ್ಷದವರ ಕೆಲಸವನ್ನು ಪ್ರಶ್ನಿಸಲಿ, ಗೈಡ್‌ಗಳು ಬಂದರೆ ಕೊನೆಯಲ್ಲಿ ಮಾತಾಡಲಿ. ದತ್ತಿಯ ಬಡ್ಡಿ ಹಣದಲ್ಲಿ ಒಂದು ಪಾಲನ್ನು ಆ ಸಭೆಯ ಖರ್ಚಿಗೆ ಕೊಡಲು ದತ್ತಿ ಸ್ಥಾಪಿಸಿದ ಕುಟುಂಬದವರು ಒಪ್ಪಿದರೆ, ಮೊದಲ ಸಭೆ ಬರುವ ತಿಂಗಳೇ ನಡೆಯಬಹುದು.