ಬೇಟೆಗಾರನ ಡಾಲರು, ರೈತನ ಕಾಳು



ಬಾತುಕೋಳಿ ಹೊಡೆಯುವವರೇ ಬಾತುಕೋಳಿಯ ಕೆರೆ ಉಳಿಸಲು ಹಣ ಕೊಟ್ಟರೆಂದರೆ ಬಾಗಲಕೋಟೆ, ಇಳಕಲ್ ಕಡೆಯವರು ನಕ್ಕಾರು. ಅಮೆರಿಕದಲ್ಲಿ ಆಗಿದ್ದು ಅದೇ. 1934ರಿಂದ ಅಲ್ಲಿಯ ನೀರುಹಕ್ಕಿ ಬೇಟೆಗಾರ ವರ್ಷಕ್ಕೊಂದು ‘ಡಕ್ ಸ್ಟ್ಯಾಂಪ್’ ಕೊಳ್ಳಲೇಬೇಕು. ಮೊದಲ ಚೀಟಿಗೆ ಚಿತ್ರ ಬರೆದವರು ಪತ್ರಿಕಾ ವ್ಯಂಗ್ಯಚಿತ್ರಕಾರ ಜೇ ಡಾರ್ಲಿಂಗ್. ಆಗ ಬೆಲೆ 1 ಡಾಲರ್, ಈಗ 25; ಡಾಲರಿಗೆ 98 ಸೆಂಟ್ ಜೌಗು ನೆಲ ಕೊಳ್ಳಲು, ಗುತ್ತಿಗೆ ಹಿಡಿಯಲು ಸಲ್ಲುತ್ತದೆ. 1937ರಲ್ಲಿ ಹುಟ್ಟಿದ ಬೇಟೆಗಾರರ ಸಂಘ ‘ಡಕ್ಸ್ ಅನ್‌ಲಿಮಿಟೆಡ್’, ಬಾತುಗಳು ಮರಿ ಮಾಡುವ ಕೆನಡಾದ ಜೌಗಿಗೂ ವಂತಿಗೆ ಎತ್ತಿತು. ಹಕ್ಕಿ ಉಳಿದರೆ ತಾನೇ ಬೇಟೆ!

ನಮ್ಮಲ್ಲಿ ಆ ದಾರಿಯಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಬಂದ ತಿದ್ದುಪಡಿ ಹವ್ಯಾಸದ ಬೇಟೆಯನ್ನು ಪೂರ್ತಿ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ಹಕ್ಕಿಯ ಖರ್ಚು ಯಾರ ತಲೆಗೆ? ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ರೈತ ಮಾತ್ರ ಚೀಟಿಯಿಲ್ಲದೆ ಕಾಳಿನಲ್ಲೇ ಶುಲ್ಕ ತೆರುತ್ತಾನೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಆಲಮಟ್ಟಿ ಹಿನ್ನೀರಿಗೆ ರಾಜಹಂಸ ನೋಡಲು ಕ್ಯಾಮೆರಾ ಹಿಡಿದು ಬರುವವರು ಒಂದೊಂದು ಚೀಟಿ ಕೊಂಡರೆ ದಂಡೆಯ ರೈತನಿಗೂ ಒಂದು ಪಾಲು ಸಿಕ್ಕೀತು.